ಸವೆದ ಬುಷ್, ಸಡಿಲ ಸ್ಟೇರಿಂಗ್: ಜತ್ತದ ಹಾದಿಯಲ್ಲಿ ಹಳೆಯ ಪಿಕಪ್

ಉಮದಿ, ಸಂಖ, ಮಾಡಗ್ಯಾಳ, ತಿಕ್ಕುಂಡಿ, ದರಿಬಡಚಿ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದ ಜತ್ತ ತಾಲ್ಲೂಕಿನ ಈ ಊರುಗಳ ಹೆಸರು ಕರ್ನಾಟಕದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಎರಡೇ ಕಾರಣಕ್ಕೆ. ಒಂದು ನೀರು, ಇನ್ನೊಂದು ಗಡಿ. 2022ರ ನವೆಂಬರ್‌ನಲ್ಲಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅವರು ಜತ್ತದ ಮಾತೆತ್ತಿದಾಗ ಎರಡೂ ರಾಜ್ಯಗಳಲ್ಲಿ ಗದ್ದಲವೆದ್ದಿತು. ಅದರ ಬೆನ್ನಿಗೇ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ತಿಕ್ಕುಂಡಿ ಕೆರೆಗೆ ಹರಿದು ಬಂದು ಮತ್ತೆ ಸುದ್ದಿಯಾಯಿತು. ಸುದ್ದಿ ತಣ್ಣಗಾದ ಮೇಲೆಯೂ ಊರು ನಡೆಯಬೇಕಲ್ಲ? ದಿನದಿನದ ಆ ನಡೆಯ ಭಾರ ಬಿದ್ದಿರುವುದು ಹಳೆಯ ಪಿಕಪ್ ಗಾಡಿಗಳ ಮೇಲೆ.

ದಾಳಿಂಬೆ ಕ್ರೇಟು, ದ್ರಾಕ್ಷಿ, ಒಣದ್ರಾಕ್ಷಿಯ ಡಬ್ಬಿ, ಜೋಳ-ಸಜ್ಜೆಯ ಚೀಲ, ಮೇವಿನ ಹೊರೆ, ಬೇಸಿಗೆ ಬಂತೆಂದರೆ ಹಿಂದೆ ಕೂರಿಸಿದ ನೀರಿನ ಟಾಕಿ ಎಲ್ಲವೂ ಇದರಲ್ಲೇ. ಗಿಣಿಮೂಗಿನ ಮಾಡಗ್ಯಾಳ ಕುರಿಗಳು ಸಂತೆಗೆ ಹೋಗುವುದೂ ಇದರಲ್ಲೇ. ಕಬ್ಬು ಕಡಿಯಲು ಗುಳೆ ಹೋಗುವ ಗಂಡ-ಹೆಂಡಿರು ಗಂಟು-ಮೂಟೆ, ಮಕ್ಕಳ ಸಮೇತ ಹತ್ತುವುದೂ ಇಂಥ ಗಾಡಿಯನ್ನೇ. ಗುಡ್ಡಾಪುರದ ದಾನಮ್ಮದೇವಿಯ ಜಾತ್ರೆ ಬಂದರೆ ವಿಜಯಪುರ, ಅಥಣಿ ಕಡೆಯಿಂದ ನಡೆದು ಬರುವ ಭಕ್ತರ ಪಕ್ಕದಲ್ಲೇ ಪಿಕಪ್ಪುಗಳ ಸಾಲೂ ಸಾಗುತ್ತದೆ. ಎಂಎಚ್-10 ಸಾಂಗಲಿಯದು, ಕೆಎ-28 ವಿಜಯಪುರದ್ದು. ಹಾದಿ ಮಾತ್ರ ಒಂದೇ, ಹಾದಿಯ ಕುಣಿಗಳೂ ಒಂದೇ.

ಇಂಥ ಗಾಡಿಯ ಚಾಲಕರು ಗ್ಯಾರೇಜಿಗೆ ಬಂದು ಹೇಳುವ ದೂರು ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ: “ಮುಂದ ಕಟ್ ಕಟ್ ಅಂತೈತ್ರಿ. ಸ್ಟೇರಿಂಗ್ ಕೈಯಾಗ ನಿಲ್ಲವಲ್ದು.” ಮಾಲೀಕರ ಉತ್ತರವೂ ಬಹುಮಟ್ಟಿಗೆ ಒಂದೇ: “ಇರ್ಲಿ ಬಿಡ, ಸೀಜನ್ ಮುಗೀಲಿ, ನೋಡೂಣು.” ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡಿರುವ ಸಣ್ಣದೊಂದು ರಬ್ಬರ್ ತುಂಡಿನ ಕಥೆಯೇ ಈ ಲೇಖನ. ಅದರ ಹೆಸರು ಸ್ಟೇರಿಂಗ್ ರ‍್ಯಾಕ್ ಬುಷ್.

ಕೊಡಲಿಯ ಕಾವು ಸಡಿಲಾದ ಹಾಗೆ

ನಮ್ಮ ರಸ್ತೆಯ ಗಾಡಿಗಳಲ್ಲಿ ಸ್ಟೇರಿಂಗ್ ವ್ಯವಸ್ಥೆ ಎರಡು ಬಗೆಯದು. ಹಳೆಯ ಜೀಪಿನ ಜಾತಿಯದು ಒಂದು. ಅದರಲ್ಲಿ ಸ್ಟೇರಿಂಗ್ ದಂಡದ ಕೆಳತುದಿಗೆ ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಅಲ್ಲಿಂದ ತೋಳು, ತೋಳಿನಿಂದ ಉದ್ದನೆಯ ರಾಡು, ರಾಡಿನಿಂದ ಗಾಲಿ. ಲಾರಿಗಳದ್ದೂ ಇದೇ ಕ್ರಮ. ಎರಡನೆಯದು ರ‍್ಯಾಕ್. ಅಂಬಾಸಡರ್ ಕಾರಿನಲ್ಲಿ ಇದೇ ಇತ್ತು. 1983ರಲ್ಲಿ ಮಾರುತಿ 800 ಬಂದ ಮೇಲೆ ಸಣ್ಣಪುಟ್ಟ ಊರಿನ ಗ್ಯಾರೇಜುಗಳಿಗೂ ಇದು ಬಳಕೆಯ ಮಾತಾಯಿತು. ಮುಂದೆ ಹಗುರ ಸರಕು ಗಾಡಿಗಳಲ್ಲಿಯೂ ಅನೇಕ ಮಾದರಿಗಳಿಗೆ ರ‍್ಯಾಕ್ ಬಂತು.

ನಿಮ್ಮ ಗಾಡಿಯದು ಯಾವ ಬಗೆ ಎಂದು ತಿಳಿಯಲು ಪುಸ್ತಕ ಬೇಕಿಲ್ಲ. ಮುಂದಿನಿಂದ ಬಗ್ಗಿ ನೋಡಿ. ಎರಡು ಗಾಲಿಗಳ ನಡುವೆ ಅಡ್ಡಲಾಗಿ ಒಂದು ಕೊಳವೆ, ಅದರ ಎರಡೂ ತುದಿಗೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ರಬ್ಬರ್ ಚೀಲ ಕಂಡರೆ ಅದು ರ‍್ಯಾಕ್. ಮುಂದೆ ಇಡಿಯಾದ ಅಚ್ಚು, ಅದರ ಕೆಳಗೋ ಮೇಲೋ ಪಟ್ಟಿ ಸ್ಪ್ರಿಂಗು, ಪಕ್ಕದಲ್ಲೊಂದು ಪೆಟ್ಟಿಗೆ ಕಂಡರೆ ಅದು ಸಾಮಾನ್ಯವಾಗಿ ಮೊದಲ ಬಗೆ. ಅದರ ರೋಗವೇ ಬೇರೆ, ಮದ್ದೇ ಬೇರೆ. ಇಲ್ಲಿ ಹೇಳುತ್ತಿರುವುದು ರ‍್ಯಾಕ್ ಇರುವ ಗಾಡಿಯ ಮಾತು.

ಆ ಕೊಳವೆಯೊಳಗೆ ಹಲ್ಲು ಕೊರೆದ ಒಂದು ಉಕ್ಕಿನ ಸರಳು ಇರುತ್ತದೆ. ಅದೇ ರ‍್ಯಾಕ್. ಸ್ಟೇರಿಂಗ್ ದಂಡದ ತುದಿಯ ಸಣ್ಣ ಹಲ್ಲುಗಾಲಿ ಪಿನಿಯನ್. ನೀವು ಸ್ಟೇರಿಂಗ್ ತಿರುಗಿಸಿದರೆ ಪಿನಿಯನ್ ತಿರುಗಿ ಸರಳನ್ನು ಎಡಕ್ಕೋ ಬಲಕ್ಕೋ ನೂಕುತ್ತದೆ. ಸರಳಿನ ತುದಿಗೆ ಕಟ್ಟಿದ ಟೈ ರಾಡ್ ಗಾಲಿಯನ್ನು ಹೊರಳಿಸುತ್ತದೆ. ಇಷ್ಟೇ ಇದರ ಗುಟ್ಟು. ಆದರೆ ಒಳಗಿನ ಸರಳು ಸರಿಯಬೇಕಾದರೆ ಹೊರಗಿನ ಕೊಳವೆ, ಅಂದರೆ ಮಿಸ್ತ್ರಿಗಳು ಹೌಸಿಂಗ್ ಅನ್ನುವ ಭಾಗ, ಗಟ್ಟಿಯಾಗಿ ನಿಲ್ಲಬೇಕು. ಅದನ್ನು ಗಾಡಿಯ ಅಡ್ಡಪಟ್ಟಿಗೆ ಕ್ಲಾಂಪು, ಬೋಲ್ಟು ಹಾಕಿ ಬಿಗಿದಿರುತ್ತಾರೆ. ಕಬ್ಬಿಣಕ್ಕೆ ಕಬ್ಬಿಣ ನೇರ ತಾಗಿದರೆ ರಸ್ತೆಯ ಒಂದೊಂದು ಕಲ್ಲಿನ ಹೊಡೆತವೂ ಚಾಲಕನ ಕೈಗೆ ಬಡಿಯುತ್ತದೆ. ಅದಕ್ಕಾಗಿ ನಡುವೆ ರಬ್ಬರ್ ಬುಷ್ ಕೂರಿಸಿರುತ್ತಾರೆ.

ಕೊಡಲಿಯ ಕಾವು ಸಡಿಲಾದರೆ ಏನಾಗುತ್ತದೆ? ಕೈ ಬೀಸುತ್ತದೆ, ಕೊಡಲಿಯ ತಲೆ ತನಗೆ ಬೇಕಾದ ಕಡೆ ಹೊರಳುತ್ತದೆ. ಅಲ್ಲಿ ಬೆಣೆ ಮಾಡುವ ಕೆಲಸವನ್ನೇ ಇಲ್ಲಿ ಬುಷ್ ಮಾಡುತ್ತದೆ. ಅದು ಸವೆದರೆ ಸ್ಟೇರಿಂಗ್ ತಿರುಗಿಸಿದಾಗ ಮೊದಲು ಹೌಸಿಂಗ್ ತಾನೇ ಒಂದಿಷ್ಟು ಸರಿದು, ಆಮೇಲೆ ಗಾಲಿಗೆ ಹುಕುಂ ಮುಟ್ಟುತ್ತದೆ. ಒಂದು ಲೆಕ್ಕ ನೋಡಿ. ಸ್ಟೇರಿಂಗ್ ಒಂದು ಪೂರ್ತಿ ಸುತ್ತು ತಿರುಗಿದರೆ ಸರಳು 40 ಮಿಲಿಮೀಟರ್ ಸರಿಯುವ ಗಾಡಿ ಎಂದಿಟ್ಟುಕೊಳ್ಳಿ. ಸವೆದ ಬುಷ್ಷಿನಿಂದ ಹೌಸಿಂಗ್ ಬರೀ 3 ಮಿಲಿಮೀಟರ್ ಅಲುಗಾಡಿದರೂ ಸ್ಟೇರಿಂಗ್‌ನಲ್ಲಿ 27 ಡಿಗ್ರಿ ಖಾಲಿ ತಿರುಗಾಟ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಆ 27 ಡಿಗ್ರಿಯ ಬೆಲೆ ಏನೆಂದು ಚಾಲಕನಿಗೆ ಬೇರೆ ಹೇಳಬೇಕಾಗಿಲ್ಲ.

ಇನ್ನೊಂದು ಬುಷ್ ಹೌಸಿಂಗಿನ ಒಳಗಿರುತ್ತದೆ. ಒಂದು ತುದಿಯಲ್ಲಿ ಸರಳಿಗೆ ಪಿನಿಯನ್ನಿನ ಆಸರೆ ಇದೆ. ಇನ್ನೊಂದು ತುದಿಯಲ್ಲಿ ಅದನ್ನು ಹೊತ್ತು ನಿಲ್ಲುವುದು ನೈಲಾನಿನಂಥ ಗಟ್ಟಿ ವಸ್ತುವಿನ ಒಂದು ಬಳೆ. ಬಹಳ ಗ್ಯಾರೇಜುಗಳಲ್ಲಿ “ರ‍್ಯಾಕ್ ಬುಷ್” ಎಂದರೆ ಇದೇ. ಹೊರಗಿನದಕ್ಕೆ “ಮೌಂಟಿಂಗ್ ರಬ್ಬರ್” ಎನ್ನುತ್ತಾರೆ. ಎರಡರ ಹೆಸರು ಕಲೆಸಿಹೋಗುವುದರಿಂದಲೇ ಅರ್ಧ ಜಗಳ. ಮಾಲೀಕ ಒಂದನ್ನು ಹೇಳಿರುತ್ತಾನೆ, ಮಿಸ್ತ್ರಿ ಇನ್ನೊಂದನ್ನು ಬದಲಿಸಿರುತ್ತಾನೆ, ಸದ್ದು ಹಾಗೇ ಉಳಿದಿರುತ್ತದೆ.

ಇಲ್ಲೇ ಯಾಕೆ ಬೇಗ ಸವೆತ?

ರಬ್ಬರಿಗೆ ಮೂರು ವೈರಿಗಳು: ಕಾವು, ಎಣ್ಣೆ, ಪೆಟ್ಟು. ಜತ್ತ ಮಳೆ ಕಡಿಮೆಯ ಬಯಲುಸೀಮೆ. ಬೇಸಿಗೆಯ ಬಿಸಿಲಲ್ಲಿ ಡಾಂಬರು ಮೆತ್ತಗಾಗುವ ನಾಡು. ಮೇಲೆ ಎಂಜಿನ್ನಿನ ಬಿಸಿ, ಕೆಳಗೆ ನೆಲದ ಬಿಸಿ. ವರ್ಷ ಕಳೆದಂತೆ ರಬ್ಬರು ಒಣಗಿ ಬಿರುಕು ಬಿಡುತ್ತದೆ. ಪವರ್ ಸ್ಟೇರಿಂಗಿನ ಪೈಪಿನಿಂದಲೋ ಎಂಜಿನ್ನಿನಿಂದಲೋ ಎಣ್ಣೆ ಜಿನುಗಿ ಅದರ ಮೇಲೆ ಬೀಳುತ್ತಿದ್ದರೆ ಉಬ್ಬಿ ಮೆತ್ತಗಾಗಿ ಜೊಂಡು ಜೊಂಡಾಗಿ ಕಿತ್ತುಬರುತ್ತದೆ. ಇನ್ನು ಪೆಟ್ಟಿನ ಮಾತು. ಹೊಲದ ಬದುವಿನ ಬಂಡಿಹಾದಿಯಲ್ಲಿ, ಬಾಯ್ತೆರೆದ ಕುಣಿಗಳಲ್ಲಿ, ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ಭಾರ ಹೊತ್ತು ಇಳಿಯುವ ಗಾಡಿಗೆ ಪ್ರತಿ ಇಳಿತವೂ ಒಂದು ಹಾತೋಡಿ ಏಟು.

ನೀರಿನ ಟಾಕಿಯದು ಇನ್ನೂ ಒಂದು ಕೈ ಮೇಲು. ಸಾವಿರ ಲೀಟರ್ ನೀರು ಎಂದರೆ ಒಂದು ಟನ್ ಭಾರ. ಟಾಕಿ ಪೂರ್ತಿ ತುಂಬದಿದ್ದರೆ ಆ ಭಾರ ಸುಮ್ಮನೆ ಕೂರುವುದೂ ಇಲ್ಲ. ತಿರುವಿನಲ್ಲಿ ನೀರು ಒಂದು ಮಗ್ಗುಲಿಗೆ ನುಗ್ಗಿ ಗಾಡಿಯನ್ನು ಜಗ್ಗುತ್ತದೆ, ಚಾಲಕ ಸ್ಟೇರಿಂಗನ್ನು ಎದುರು ಜಗ್ಗುತ್ತಾನೆ. ಈ ಜಗ್ಗಾಟದ ನಡುವೆ ಸಿಕ್ಕಿ ಅರೆಯುವುದು ಅದೇ ರಬ್ಬರು.

ಒಳಗಿನ ನೈಲಾನ್ ಬಳೆಗೆ ವೈರಿ ದೂಳು. ತಿದಿಯಂಥ ರಬ್ಬರ್ ಚೀಲ, ಬೂಟ್ ಅನ್ನುತ್ತಾರಲ್ಲ ಅದು, ಎಲ್ಲಾದರೂ ಹರಿದರೆ ಎರೆಯ ದೂಳೂ ಮಳೆನೀರೂ ಒಳಹೊಕ್ಕು ಗ್ರೀಸಿನ ಜೊತೆ ಸೇರಿ ಅರೆಯುವ ಮಸಾಲೆಯಾಗುತ್ತದೆ. ಹರಿದ ಬೂಟ್ ಕಂಡ ದಿನವೇ ಬದಲಿಸಿದರೆ ಒಳಗಿನ ಬಳೆ ವರ್ಷಗಟ್ಟಲೆ ಬಾಳುತ್ತದೆ. ನಿರ್ಲಕ್ಷ್ಯ ಮಾಡಿದರೆ ಕಡೆಗೆ ಇಡೀ ರ‍್ಯಾಕೇ ಹೋಗುತ್ತದೆ. ಬುಷ್ಷಿನ ಖರ್ಚು ನೂರರ ಲೆಕ್ಕದ್ದು, ರ‍್ಯಾಕಿನದು ಸಾವಿರದ ಲೆಕ್ಕದ್ದು.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮುಂದಿನ ಕಟಕಟ ಸದ್ದಿಗೆ ಹತ್ತು ಕಾರಣಗಳಿರುತ್ತವೆ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಸಸ್ಪೆನ್ಶನ್ ಬುಷ್, ಗಾಲಿಯ ಬೇರಿಂಗ್, ಸ್ಟೇರಿಂಗ್ ದಂಡದ ಕ್ರಾಸ್, ಕಡೆಗೆ ಸಡಿಲಾದ ಶಾಕ್ ಅಬ್ಸಾರ್ಬರ್ ಬೋಲ್ಟು ಕೂಡ. ಪರೀಕ್ಷೆ ಮಾಡದೆ ಒಂದೊಂದೇ ಸಾಮಾನು ಬದಲಿಸುತ್ತ ಹೋದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಗ್ಯಾರೇಜಿಗೆ ಹೋಗುವ ಮುನ್ನ ಇಬ್ಬರು ಸೇರಿ ಮನೆಯ ಮುಂದೆಯೇ ಅರ್ಧ ತಾಸಿನಲ್ಲಿ ನೋಡಬಹುದಾದ ಪರೀಕ್ಷೆಗಳು ಇವು.

ಮೊದಲನೆಯದು, ಖಾಲಿ ತಿರುಗಾಟದ ಅಳತೆ. ಸಮನೆಲದಲ್ಲಿ ಗಾಲಿ ನೇರ ಮಾಡಿ ನಿಲ್ಲಿಸಿ. ಪವರ್ ಸ್ಟೇರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿರಲಿ. ಸ್ಟೇರಿಂಗ್ ಚಕ್ರದ ಅಂಚಿಗೆ ಸುಣ್ಣದ ಗುರುತು ಹಾಕಿ, ಬೆರಳಿನಿಂದ ಹಗುರಾಗಿ ಆಚೀಚೆ ತಿರುಗಿಸಿ. ಹೊರಗೆ ನಿಂತವರು ಮುಂದಿನ ಟೈರ್ ಅಲುಗಿದ ಕೂಡಲೇ “ಹಾಂ” ಅನ್ನಲಿ. ಎಡ-ಬಲದ ನಡುವೆ ಗುರುತು ಸರಿದ ದೂರವೇ ಖಾಲಿ ತಿರುಗಾಟ. ಸುಸ್ಥಿತಿಯಲ್ಲಿರುವ ರ‍್ಯಾಕ್ ಗಾಡಿಯಲ್ಲಿ ಅದು ಸಾಮಾನ್ಯವಾಗಿ ಎರಡು-ಮೂರು ಸೆಂಟಿಮೀಟರ್ ದಾಟುವುದಿಲ್ಲ.

ಎರಡನೆಯದು, ಕೆಳಗಿನ ನೋಟ. ಗ್ಯಾರೇಜಿನ ಗುಂಡಿಯ ಮೇಲೆ ಗಾಡಿ ನಿಲ್ಲಿಸಿದರೆ ಉತ್ತಮ. ಗಾಲಿಗಳ ಮೇಲೆ ಗಾಡಿಯ ಭಾರ ಇರಬೇಕು. ಒಬ್ಬರು ಸ್ಟೇರಿಂಗನ್ನು ಸ್ವಲ್ಪವೇ ಎಡ-ಬಲ ಆಡಿಸುತ್ತಿರಲಿ, ಇನ್ನೊಬ್ಬರು ಕೈ ಹಾಕದೆ ಬ್ಯಾಟರಿ ಬಿಟ್ಟು ನೋಡಲಿ. ಕ್ಲಾಂಪಿನೊಳಗೆ ಹೌಸಿಂಗೇ ಆಚೀಚೆ ಸರಿದರೆ ಮೌಂಟಿಂಗ್ ಬುಷ್ ಹೋಗಿದೆ. ಹೌಸಿಂಗ್ ಗಟ್ಟಿ ನಿಂತು, ಟೈ ರಾಡಿನ ತುದಿಯ ಗುಂಡು ಮಾತ್ರ ತನ್ನ ಗೂಡಿನಲ್ಲಿ ಕುಣಿದರೆ ದೋಷ ಟೈ ರಾಡ್ ಎಂಡಿನದು. ಮೇಲೆ ಸ್ಟೇರಿಂಗ್ ತಿರುಗುತ್ತಿದ್ದರೂ ಪಿನಿಯನ್ನಿಗೆ ಹೋಗುವ ದಂಡವೇ ತಡವಾಗಿ ತಿರುಗಿದರೆ ಕ್ರಾಸ್ ನೋಡಿ. ಎಂಜಿನ್ ಬಂದ್ ಮಾಡಿದ ಮೇಲೆ, ಪಿನಿಯನ್ ಇಲ್ಲದ ಕಡೆಯ ಬೂಟಿನ ಬಳಿ ರಾಡನ್ನು ಹಿಡಿದು ಮೇಲೆ-ಕೆಳಗೆ ಅಲುಗಿಸಿ. ಒಳಗೆ ಸರಳೇ ಎದ್ದು ಬಿದ್ದ ಹಾಗಾದರೆ ಒಳಗಿನ ಬಳೆ ಸವೆದಿದೆ ಎಂದು ತಿಳಿಯಿರಿ.

ಮೂರನೆಯದು, ಗಾಲಿಯ ಪರೀಕ್ಷೆ. ಮುಂದಿನ ಒಂದು ಗಾಲಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ ಹಿಡಿದು ಅಲುಗಿಸಿ. ಅಲ್ಲಿ ಆಟ ಕಂಡರೆ ಸ್ಟೇರಿಂಗ್ ಕಡೆಯ ಸಾಮಾನಿನದು. ಹನ್ನೆರಡು ಮತ್ತು ಆರರ ಜಾಗದಲ್ಲಿ ಕಂಡರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ ಕಡೆ ನೋಡಬೇಕು.

ಇಷ್ಟು ನೋಡಿಕೊಂಡು ಹೋದ ಮಾಲೀಕನ ಜೊತೆ ಮಿಸ್ತ್ರಿಯೂ ಬೇರೆ ರೀತಿ ಮಾತಾಡುತ್ತಾನೆ. “ಮುಂದ ಸದ್ದು ಬರ್ತೈತಿ” ಎನ್ನುವುದಕ್ಕೂ “ಎಡಗಡೆ ಕ್ಲಾಂಪಿನ್ಯಾಗ ಹೌಸಿಂಗ್ ಸರೀತೈತ್ರಿ, ನೋಡ್ರಿ” ಎನ್ನುವುದಕ್ಕೂ ಖರ್ಚಿನಲ್ಲಿ ಅಜಗಜಾಂತರ.

ಬದಲಿಸುವ ಬಗೆ

ಹೊರಗಿನ ರಬ್ಬರ್ ಸೀಳು ಇರುವ ಜಾತಿಯದಾದರೆ ಇಡೀ ರ‍್ಯಾಕ್ ಇಳಿಸುವ ಅಗತ್ಯ ಬೀಳುವುದಿಲ್ಲ. ನುರಿತ ಕೈಗೆ ಒಂದೊಪ್ಪತ್ತಿನ ಕೆಲಸ. ಆದರೂ ಕ್ರಮ ತಪ್ಪಬಾರದು.

ಎಲ್ಲಕ್ಕಿಂತ ಮೊದಲು ಜೀವದ ಮಾತು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಮಲಗಬಾರದು. ಹಿಂದಿನ ಗಾಲಿಗಳಿಗೆ ಎರಡೂ ಕಡೆ ಕಲ್ಲೋ ಕಟ್ಟಿಗೆಯ ಓಟೆಯೋ ಕೊಟ್ಟು, ಚಾಸಿಗೆ ಸ್ಟ್ಯಾಂಡ್ ಕೊಟ್ಟ ಮೇಲೆಯೇ ಒಳಹೋಗಬೇಕು. ಇಟ್ಟಿಗೆ ಜೋಡಿಸಿ ನಿಲ್ಲಿಸುವವರಿದ್ದಾರೆ. ಇಟ್ಟಿಗೆ ಮುನ್ಸೂಚನೆ ಕೊಟ್ಟು ಒಡೆಯುವುದಿಲ್ಲ.

ಗಾಲಿ ನೇರ ಮಾಡಿ, ಸ್ಟೇರಿಂಗ್ ತಿರುಗದಂತೆ ಕಟ್ಟಬೇಕು. ಕ್ಲಾಂಪಿನ ಬೋಲ್ಟುಗಳು ತುಕ್ಕು ಹಿಡಿದಿರುತ್ತವೆ. ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರೆ ಬೆಳಿಗ್ಗೆ ಪಾನಾಕ್ಕೆ ಬಗ್ಗುತ್ತವೆ. ಒಣಗಿದ ಬೋಲ್ಟಿಗೆ ಪೈಪು ಸಿಕ್ಕಿಸಿ ತಿರುವಿದರೆ ಮುರಿದು ಅಡ್ಡಪಟ್ಟಿಯೊಳಗೇ ಉಳಿದುಕೊಳ್ಳುತ್ತದೆ. ಆಮೇಲೆ ಅರ್ಧ ದಿನದ ಕೆಲಸ ಎರಡು ದಿನಕ್ಕೆ ಎಳೆಯುತ್ತದೆ. ಒಂದು ಬದಿಯ ಕ್ಲಾಂಪ್ ಮುಗಿಸಿದ ಮೇಲೆಯೇ ಇನ್ನೊಂದು ಬದಿಗೆ ಕೈ ಹಾಕಬೇಕು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ರ‍್ಯಾಕ್ ಜೋತುಬಿದ್ದು ಪವರ್ ಸ್ಟೇರಿಂಗಿನ ಪೈಪುಗಳ ಮೇಲೆ ಭಾರ ಬೀಳುತ್ತದೆ.

ಹಳೆಯ ರಬ್ಬರ್ ತೆಗೆಯುವಾಗ ಅದು ಕೂತಿದ್ದ ದಿಕ್ಕು, ಸೀಳಿನ ಬಾಯಿ, ಅಂಚಿನ ಗುರುತು ನೋಡಿಟ್ಟುಕೊಳ್ಳಿ. ಜಾಗವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು-ಮಣ್ಣು ತೆಗೆಯಬೇಕು. ಕ್ಲಾಂಪ್ ಬಾಗಿದೆಯೇ, ಬೋಲ್ಟಿನ ತೂತು ಮೊಟ್ಟೆಯಾಕಾರ ಆಗಿದೆಯೇ ನೋಡಬೇಕು. ಆಗಿದ್ದರೆ ಹೊಸ ರಬ್ಬರು ಹಾಕಿಯೂ ಪ್ರಯೋಜನವಿಲ್ಲ. ಹೊಸ ಬುಷ್ ಬಿಗಿಯಾಗಿ ಕೂರುತ್ತದೆ, ಕೂರಬೇಕು ಕೂಡ. ಜಾರಲಿ ಎಂದು ಗ್ರೀಸು, ಎಂಜಿನ್ ಆಯಿಲ್ ಹಚ್ಚುವುದು ತಪ್ಪು; ಖನಿಜ ಎಣ್ಣೆ ರಬ್ಬರನ್ನು ತಿನ್ನುತ್ತದೆ. ಸಾಬೂನು ನೀರು ಸಾಕು, ಅದು ಒಣಗಿ ಹೋಗುತ್ತದೆ.

ಬೋಲ್ಟುಗಳನ್ನು ಎರಡೂ ಕಡೆ ಸಮನಾಗಿ, ಒಂದಿಷ್ಟು ಅದು, ಒಂದಿಷ್ಟು ಇದು ಎಂದು ಬಿಗಿಯುತ್ತ ಬಂದು, ಕಡೆಗೆ ಟಾರ್ಕ್ ಪಾನಾ ಹಾಕಿ ಆಯಾ ಗಾಡಿಯ ಪುಸ್ತಕ ಹೇಳಿದ ಲೆಕ್ಕಕ್ಕೆ ನಿಲ್ಲಿಸಬೇಕು. “ಕೈಯಾಗಿನ ಜೀವದ್ಲೆ ಬಿಗಿದೀನಿ” ಎನ್ನುವುದು ಲೆಕ್ಕವಲ್ಲ. ಹಳೆಯ ಲಾಕ್ ನಟ್ಟನ್ನು ಮತ್ತೆ ಹಾಕದೆ ಹೊಸದನ್ನೇ ಹಾಕಬೇಕು. ಸ್ಟೇರಿಂಗಿನ ನಟ್ಟಿನಲ್ಲಿ ಉಳಿಸಿದ ಹತ್ತಿಪ್ಪತ್ತು ರೂಪಾಯಿ ಉಳಿತಾಯವೇ ಅಲ್ಲ.

ಕೆಲವು ಮಾದರಿಗಳಲ್ಲಿ ಬುಷ್ ಹೌಸಿಂಗಿನ ಕಿವಿಯೊಳಗೆ ಒತ್ತಿ ಕೂರಿಸಿದ್ದಿರುತ್ತದೆ. ಅಲ್ಲಿ ರ‍್ಯಾಕ್ ಇಳಿಸಿ ಪ್ರೆಸ್ಸಿನಲ್ಲೇ ಹಾಕಬೇಕು. ರ‍್ಯಾಕ್ ಇಳಿಸುವುದಾದರೆ ಸ್ಟೇರಿಂಗ್ ದಂಡ ಮತ್ತು ಪಿನಿಯನ್ ಸೇರುವ ಜಾಗದಲ್ಲಿ ಗುರುತು ಹಾಕಿಕೊಳ್ಳುವುದನ್ನು ಮರೆಯಬಾರದು. ಮರೆತರೆ ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಓರೆಯಾಗಿರುತ್ತದೆ. ಒಳಗಿನ ನೈಲಾನ್ ಬಳೆಯ ಕೆಲಸವಂತೂ ರ‍್ಯಾಕ್ ಪೂರ್ತಿ ಬಿಚ್ಚುವಂಥದ್ದು. ಪವರ್ ರ‍್ಯಾಕ್ ಆದರೆ ಒಳಗೆ ಎಣ್ಣೆ ತಡೆಯುವ ಸೀಲುಗಳಿವೆ, ಒಂದು ಹರಳು ಹೊಕ್ಕರೂ ಸೋರಿಕೆ ಶುರು. ಅದನ್ನು ರಸ್ತೆ ಬದಿಯ ದೂಳಿನಲ್ಲಿ ಬಿಚ್ಚಿಸಬೇಡಿ. ಜತ್ತದಲ್ಲಾಗಲಿ, ಸಾಂಗಲಿ, ವಿಜಯಪುರದಲ್ಲಾಗಲಿ ಅದೇ ಕೆಲಸ ಮಾಡುವವರ ಬಳಿ ಒಯ್ಯಿರಿ.

ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಸವೆದ ಬುಷ್ಷಿನ ಜೊತೆ ಹೊಂದಿಕೊಂಡಿದ್ದ ಗಾಲಿಯ ಕೋನ ಈಗ ಬದಲಾಗಿರುತ್ತದೆ. ಹಳ್ಳಿಯಲ್ಲೇ ಕೆಲಸವಾಗಿದ್ದರೆ, ಎರಡು ಮುಂದಿನ ಟೈರುಗಳ ನಡುವಿನ ಅಂತರವನ್ನು ಅಚ್ಚಿನ ಎತ್ತರದಲ್ಲಿ ಮುಂದೊಮ್ಮೆ, ಹಿಂದೊಮ್ಮೆ ದಾರ ಹಿಡಿದು ಅಳೆದು, ಪಟ್ಟಣದ ಯಂತ್ರದವರೆಗೆ ನಿಧಾನವಾಗಿ ಹೋಗುವಷ್ಟು ಸರಿಪಡಿಸಿಕೊಳ್ಳಬಹುದು. ಅದನ್ನೇ ಕಾಯಂ ಮಾಡಿಕೊಂಡರೆ ಟೈರು ಒಂದು ಮಗ್ಗುಲು ಬೋಳಾಗುತ್ತದೆ. ಎರಡು-ಮೂರು ಬಾಡಿಗೆ ಆದ ಮೇಲೆ ಕ್ಲಾಂಪಿನ ಬಿಗಿತವನ್ನು ಮತ್ತೊಮ್ಮೆ ನೋಡಬೇಕು.

ಟೈರಿನ ತುಂಡು, ಸೈಕಲ್ ಟ್ಯೂಬು

ಇಲ್ಲದ ಊರಿಗೆ ದಾರಿ ಹುಡುಕುವುದರಲ್ಲಿ ನಮ್ಮ ಮಿಸ್ತ್ರಿಗಳದ್ದು ಎತ್ತಿದ ಕೈ. ಕ್ಲಾಂಪಿನೊಳಗೆ ಹಳೆಯ ಟೈರಿನ ತುಂಡು ತುರುಕುವುದು, ಸೈಕಲ್ ಟ್ಯೂಬ್ ಸುತ್ತುವುದು, ತಗಡಿನ ಪಟ್ಟಿ ಇಡುವುದು ಎಲ್ಲ ಕಡೆ ಉಂಟು. ನಡುದಾರಿಯಲ್ಲಿ ಕೆಟ್ಟ ಗಾಡಿಯನ್ನು ಮೆಲ್ಲಗೆ ಊರು ಮುಟ್ಟಿಸಲು ಅದು ನಡೆದೀತು. ಅದರ ಮೇಲೆ ಸುಗ್ಗಿಯನ್ನೇ ಕಳೆಯುವುದು ಬೇಡ. ಟ್ಯೂಬ್ ಒಂದೆರಡು ವಾರಕ್ಕೆ ಅರೆದುಹೋಗುತ್ತದೆ. ತಗಡು ಇಟ್ಟರೆ ಸದ್ದು ನಿಲ್ಲುತ್ತದೆ, ಆದರೆ ಪೆಟ್ಟೆಲ್ಲ ನೇರ ಹೌಸಿಂಗಿಗೆ ಬಿದ್ದು ಬಿರುಕು ಬಿಡುತ್ತದೆ. ಹೌಸಿಂಗನ್ನು ಅಡ್ಡಪಟ್ಟಿಗೇ ವೆಲ್ಡಿಂಗ್ ಮಾಡಿಸುವುದಂತೂ ಶುದ್ಧ ಅಪರಾಧ. ಆ ಬಿಸಿಗೆ ಒಳಗಿನ ಬಳೆ, ಸೀಲು ಎಲ್ಲ ಸುಟ್ಟುಹೋಗುತ್ತವೆ.

ಇನ್ನೊಂದು ಚಾಳಿ, ಸ್ಟೇರಿಂಗ್ ಸಡಿಲ ಎಂದ ಕೂಡಲೇ ರ‍್ಯಾಕಿನ ಹೊಂದಿಕೆಯ ನಟ್ಟನ್ನು ಬಿಗಿಯುವುದು. ಆ ನಟ್ಟು ಇರುವುದು ಹಲ್ಲಿಗೆ ಹಲ್ಲು ಸರಿಯಾಗಿ ಕೂರಿಸಲು. ಬುಷ್ಷಿನ ದೋಷಕ್ಕೆ ಅದನ್ನು ಬಿಗಿದರೆ ಸ್ಟೇರಿಂಗ್ ಬಿಗಿಯಾಗಿ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಬರುವುದಿಲ್ಲ. ಸಡಿಲ ಸ್ಟೇರಿಂಗಿನಷ್ಟೇ ಇದೂ ಅಪಾಯ.

ಸಾಮಾನು ಕೊಳ್ಳುವಾಗ ಗಡಿನಾಡಿನದೇ ಒಂದು ತಾಪತ್ರಯವಿದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಗ್ಯಾರೇಜಿನಲ್ಲಿ ಹಿಂದಿ-ಇಂಗ್ಲಿಷ್ ಬೆರೆತ ಮಾತು. ಒಂದೇ ರಬ್ಬರಿಗೆ ಸಾಂಗಲಿಯ ಅಂಗಡಿಯಲ್ಲೊಂದು ಹೆಸರು, ವಿಜಯಪುರದಲ್ಲೊಂದು ಹೆಸರು. ಫೋನಿನಲ್ಲಿ ಹೇಳಿ ತರಿಸಿದ್ದು ಗಾಡಿಗೆ ಕೂರದೆ ಮರಳುವುದು ಮಾಮೂಲು. ಇದಕ್ಕೆ ಸುಲಭ ಉಪಾಯ: ಗಾಡಿಯ ಮಾದರಿ, ವರ್ಷ, ಚಾಸಿ ನಂಬರು ಬರೆದುಕೊಂಡು ಹೋಗಿ, ಸಾಧ್ಯವಾದರೆ ಕಿತ್ತ ಹಳೆಯ ಬುಷ್ಷನ್ನೇ ಕಿಸೆಯಲ್ಲಿ ಹಾಕಿಕೊಂಡು ಹೋಗಿ. ಹಳೆಯದನ್ನು ಹೊಸದರ ಪಕ್ಕ ಇಟ್ಟರೆ ಯಾವ ಭಾಷೆಯೂ ಬೇಕಾಗುವುದಿಲ್ಲ. ಪಾಲಿಯುರೆಥೇನ್ ಎಂಬ ಗಟ್ಟಿ ಬುಷ್ಷುಗಳೂ ಈಗ ಸಿಗುತ್ತವೆ. ಎಣ್ಣೆಗೆ ಅವು ಬೇಗ ಜಗ್ಗುವುದಿಲ್ಲ, ಸ್ಟೇರಿಂಗ್ ಚುರುಕಾಗುತ್ತದೆ. ಆದರೆ ಹಾದಿಯ ನಡುಕ ಕೈಗೆ ಹೆಚ್ಚು ಬರುತ್ತದೆ. ಕುಣಿ ತುಂಬಿದ ಹಾದಿಯಲ್ಲಿ ದಿನವಿಡೀ ಓಡಿಸುವವನಿಗೆ ಕಂಪನಿಯ ರಬ್ಬರೇ ಹಿತ.

ಕಾಯಿದೆ ಏನನ್ನುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯ ನಿಯಮ ಇದಕ್ಕೆಂದೇ ಇದೆ. ಸ್ಟೇರಿಂಗ್ ಚಕ್ರದಲ್ಲಿ ಖಾಲಿ ತಿರುಗಾಟ 30 ಡಿಗ್ರಿ ಮೀರಕೂಡದು. ಸ್ಟೇರಿಂಗಿನ ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೊಪ್ಪಿಗೆ ಇರಬೇಕು. ಬೋಲ್ಟು-ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು. 40 ಸೆಂಟಿಮೀಟರ್ ಅಗಲದ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿ ಎಂದರೆ ಅಂಚಿನಲ್ಲಿ ಹತ್ತೂವರೆ ಸೆಂಟಿಮೀಟರ್, ಅಂದರೆ ಒಂದು ಅಂಗೈ ಅಗಲಕ್ಕೂ ತುಸು ಹೆಚ್ಚು. ಇದು ಕಾಯಿದೆಯ ಕಟ್ಟಕಡೆಯ ಗೆರೆ. ಲಾರಿಗೂ ಪಿಕಪ್ಪಿಗೂ ಒಂದೇ ಗೆರೆ. ರ‍್ಯಾಕ್ ಇರುವ ಗಾಡಿ ಅಲ್ಲಿಗೆ ಮುಟ್ಟುವ ಎಷ್ಟೋ ಮುಂಚೆಯೇ ರಿಪೇರಿ ಕೇಳುತ್ತಿರುತ್ತದೆ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಫಿಟ್‌ನೆಸ್ ಪತ್ರ ಬೇಕು. ಪಾಸಿಂಗಿನ ಹಿಂದಿನ ದಿನ ಬಣ್ಣ ಬಳಿಸುವವರು ಬಹಳ, ಕೆಳಗೆ ಬಗ್ಗಿ ನೋಡುವವರು ಕಡಿಮೆ. ಕ್ಯಾಬಿನ್ನಿಗೆ ಮಿಣುಕು ದೀಪ, ಹಿಂದೆ ದೇವರ ಚಿತ್ರ, ಬಾಯ್ತುಂಬ ಹಾರ್ನು. ಬುಷ್ಷಿಗೆ ಮಾತ್ರ ರೊಕ್ಕವಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂದದ್ದು ಇದಕ್ಕೇ ಇರಬೇಕು.

ಇನ್ನು ಹಿಂದೆ ನಿಂತವರ ಮಾತು. ಸರಕು ಗಾಡಿಯಲ್ಲಿ ಜನರನ್ನು ಒಯ್ಯುವುದು ಕಾಯಿದೆಗೆ ವಿರುದ್ಧ. ಇದು ಎಲ್ಲರಿಗೂ ಗೊತ್ತು. ಬಸ್ಸು ಸಿಗದ ಊರಿನಲ್ಲಿ ಮದುವೆಗೂ ಜಾತ್ರೆಗೂ ಆಸ್ಪತ್ರೆಗೂ ಪಿಕಪ್ಪೇ ಗತಿ ಎನ್ನುವುದೂ ಎಲ್ಲರಿಗೂ ಗೊತ್ತು. ಆದರೆ ಹಲವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಪ್ರಯಾಣಿಕರಿಗೆ ಅಪಘಾತವಾದರೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. 1994ರ ತಿದ್ದುಪಡಿಯಿಂದ ರಕ್ಷಣೆ ಸಿಕ್ಕಿರುವುದು ಸರಕಿನ ಜೊತೆ ಹೋಗುವ ಅದರ ಮಾಲೀಕನಿಗೆ ಅಥವಾ ಅವನ ಅಧಿಕೃತ ಪ್ರತಿನಿಧಿಗೆ. ದಾಳಿಂಬೆ ಕ್ರೇಟಿನ ಜೊತೆ ಹೊರಟ ರೈತನ ಮಾತು ಬೇರೆ, ಜಾತ್ರೆಗೆಂದು ಹತ್ತಿದ ಅವನ ಹೆಂಡತಿ-ಮಕ್ಕಳ ಮಾತು ಬೇರೆ. ಗಾಡಿ ಮಗುಚಿದರೆ ಪರಿಹಾರದ ಹೊರೆ ಮಾಲೀಕನ ಹೊಲ-ಮನೆಯ ಮೇಲೆ ಬಂದು ಕೂರುತ್ತದೆ. ಸತ್ತವರ ಮನೆಗೆ ಕೈಗೆ ಏನೂ ಹತ್ತದಿರುವುದೂ ಉಂಟು.

ಇದನ್ನೆಲ್ಲ ಹೇಳುವುದು ಹೆದರಿಸಲಿಕ್ಕಲ್ಲ. ಜತ್ತದ ಹಳ್ಳಿಗಳಿಗೆ ನೀರು ಯಾವ ರಾಜ್ಯದಿಂದ ಬರಬೇಕು, ಹಾದಿ ಯಾರು ಮಾಡಿಸಬೇಕು ಎಂಬುದು ಮುಂಬೈ-ಬೆಂಗಳೂರುಗಳಲ್ಲಿ ಕೂತವರು ತೀರ್ಮಾನಿಸುವ ಮಾತು. ಒಂದು ರಬ್ಬರ್ ಬುಷ್ ಬದಲಿಸುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅದು ಪೂರ್ತಿ ಊರವರ ಕೈಯಲ್ಲೇ ಇದೆ.

ಇಲ್ಲಿ ಬಹಳ ಗಾಡಿಗಳನ್ನು ಓಡಿಸುವವನೊಬ್ಬ, ಮಾಲೀಕನೊಬ್ಬ. ಸ್ಟೇರಿಂಗಿನ ಸಡಿಲ ಮೊದಲು ಗೊತ್ತಾಗುವುದು ಓಡಿಸುವವನ ಅಂಗೈಗೆ. ರೊಕ್ಕ ಬಿಚ್ಚಬೇಕಾದವನು ಮನೆಯಲ್ಲಿರುತ್ತಾನೆ. ಹೀಗಾಗಿ ದ್ರಾಕ್ಷಿ-ದಾಳಿಂಬೆಯ ಹಂಗಾಮು ಶುರುವಾಗುವ ಮುಂಚೆ ಒಮ್ಮೆ, ಜಾತ್ರೆಯ ಮುಂಚೆ ಒಮ್ಮೆ, ಇಬ್ಬರೂ ಸೇರಿ ಸುಣ್ಣದ ಗುರುತು ಹಾಕಿ ಅಳೆದು ನೋಡಲಿ. ಚಾಲಕ “ಮುಂದ ಕಟ್ ಕಟ್ ಅಂತೈತ್ರಿ ಯಜಮಾನ್ರ” ಅಂದ ದಿನ ಮಾಲೀಕ “ಆತು, ನಾಳೆ ಬಾಡಿಗಿ ಬಿಡು, ಗ್ಯಾರೇಜಿಗೆ ನಡಿ” ಅನ್ನಲಿ. ಒಂದು ದಿನದ ಬಾಡಿಗೆ ಹೋದೀತು, ಅದು ಮರುವಾರ ಬರುತ್ತದೆ.